ಮೂರು ನೀರಾಟಗಳಲ್ಲಿ ನನ್ನ ಮತ ತೂತು ಕೊಳವೆಗೆ

ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬಯಲಿನಲ್ಲಿ ಆಡಿಸಲು ನೀರಿನ ಆಟ ಹುಡುಕುತ್ತಿರುವ ಶಿಕ್ಷಕರಿಗೆ ನಾನು ಹೇಳುವುದು ಇಷ್ಟೇ: ಪೈಪಿನ ಅಂಗಡಿಗೆ ಹೋಗಿ ನಾಲ್ಕು ಇಂಚಿನ ಪಿವಿಸಿ ಕೊಳವೆಯ ಒಂದು ಮೀಟರ್ ತುಂಡನ್ನೂ ಅದರ ತಳಕ್ಕೊಂದು ಮುಚ್ಚಳವನ್ನೂ ತನ್ನಿ. ಕಲಬುರಗಿ ತಾಲ್ಲೂಕಿನ ನಮ್ಮ ಹಳ್ಳಿ ಶಾಲೆಯಲ್ಲಿ ನೀರಿನ ಫುಗ್ಗೆ, ಸ್ಪಂಜಿನ ರಿಲೇ, ತೂತು ಕೊಳವೆ ಮೂರನ್ನೂ ಆಡಿಸಿದ್ದೇನೆ. ಮಕ್ಕಳು ಒಬ್ಬರನ್ನೊಬ್ಬರು ನೆಚ್ಚಿ ದುಡಿದದ್ದು, ಕೈಬಿಟ್ಟು ಹೋದದ್ದನ್ನು ಮತ್ತೆ ಹಿಡಿಯುವ ಛಲ ತೋರಿದ್ದು ಕೊನೆಯದರಲ್ಲಿ ಮಾತ್ರ.

ಫುಗ್ಗೆಗಳನ್ನು ಆನ್‌ಲೈನಿನಲ್ಲಿ ತರಿಸಿದ್ದೆ. ಒಂದು ಮೂತಿಗೆ ಹತ್ತಾರು ಸಣ್ಣ ನಳಿಕೆಗಳು, ಪ್ರತಿ ನಳಿಕೆಯ ತುದಿಗೂ ಒಂದು ಫುಗ್ಗೆ. ನಲ್ಲಿಗೆ ಸಿಕ್ಕಿಸಿ ತಿರುಗಿಸಿದರೆ ಎಲ್ಲವೂ ಒಟ್ಟಿಗೆ ತುಂಬಿ, ಅಲುಗಾಡಿಸಿದೊಡನೆ ತಾವಾಗಿಯೇ ಗಂಟು ಬಿದ್ದು ಉದುರುತ್ತವೆ ಎಂದು ಪೊಟ್ಟಣದ ಮೇಲಿನ ಚಿತ್ರ ಹೇಳುತ್ತಿತ್ತು. ಆ ಮೂತಿಯ ತಿರುಪು ತೋಟದ ರಬ್ಬರ್ ಪೈಪಿಗೆ ಹೊಂದುವಂಥದ್ದು. ನಮ್ಮ ಶಾಲೆಯ ಅರ್ಧ ಇಂಚಿನ ನಲ್ಲಿಗೆ ಅದು ಕೂರಲಿಲ್ಲ. ಸೈಕಲ್ ಟ್ಯೂಬಿನ ತುಂಡು ಸುತ್ತಿ, ತಂತಿ ಬಿಗಿದು ಕೂರಿಸಿದ್ದಾಯಿತು; ನೀರು ಮೂತಿಯೊಳಗೆ ಹೋದದ್ದಕ್ಕಿಂತ ಸುತ್ತಲೂ ಚಿಮ್ಮಿದ್ದೇ ಹೆಚ್ಚು.

ತಿರುಪು ಸರಿಹೋಗಿದ್ದರೂ ಕೆಲಸ ಆಗುತ್ತಿರಲಿಲ್ಲ ಎಂಬುದು ಆಮೇಲೆ ಹೊಳೆಯಿತು. ಹತ್ತು ಮೀಟರ್ ಎತ್ತರದ ನೀರಿನ ಕಂಬಕ್ಕೆ ಸರಿಸುಮಾರು ಒಂದು ವಾಯುಮಂಡಲದ ಒತ್ತಡ ಇರುತ್ತದೆ. ನಮ್ಮ ಟಾಕಿ ಇರುವುದು ಒಂದೇ ಅಂತಸ್ತಿನ ಕೋಣೆಯ ಮಾಳಿಗೆಯ ಮೇಲೆ, ನಲ್ಲಿಯಿಂದ ಮೂರು ಮೀಟರ್ ಎತ್ತರದಲ್ಲಿ. ಅಂದರೆ ನಮಗೆ ದೊರೆಯುವುದು ಅದರ ಮೂರನೆಯ ಒಂದು ಪಾಲಿಗೂ ಕಡಿಮೆ. ಅಷ್ಟು ಒತ್ತಡದಲ್ಲಿ ತೆಳು ರಬ್ಬರಿನ ನಾಲ್ಕಾರು ಫುಗ್ಗೆಗಳು ಉಬ್ಬಿದವು, ಉಳಿದವು ಬಾಡಿದ ಅವರೆಕಾಯಿಯಂತೆ ಜೋತುಬಿದ್ದವು. ಕೊನೆಗೆ ಒಂದೊಂದನ್ನೇ ಬಿಡಿಸಿ, ಬಾಟಲಿಯಿಂದ ತುಂಬಿಸಿ, ಗಂಟು ಹಾಕುವ ಹೊತ್ತಿಗೆ ಬಿಸಿಲು ಏರಿತ್ತು. ಸಾಲಾಗಿ ನಿಂತ ಮಕ್ಕಳು ಸಾಲು ಮುರಿದು ಬೇವಿನ ಗಿಡದ ನೆರಳಿಗೆ ಹೋಗಿದ್ದರು. ಮಾರಿದವರು ಪೊಟ್ಟಣ ಒಡೆದಿದೆ ಎಂಬ ಕಾರಣಕ್ಕೆ ಹಣ ಮರಳಿಸಲಿಲ್ಲ.

ಆಟವಾಗಿಯೂ ಅದು ನನಗೆ ಒಪ್ಪಿಗೆಯಾಗಲಿಲ್ಲ. ಇಬ್ಬಿಬ್ಬರು ಟವೆಲಿನ ಅಂಚು ಹಿಡಿದು ಫುಗ್ಗೆಯನ್ನು ಹಾರಿಸಿ ಹಿಡಿಯುವುದು ಚೆಂದವೇ, ಆದರೆ ಒಡೆದರೆ ಆ ಜೋಡಿಯ ಕಥೆ ಮುಗಿಯಿತು. ತಿದ್ದಿಕೊಳ್ಳಲು ಏನೂ ಉಳಿಯುವುದಿಲ್ಲ. ಮೇಲಾಗಿ, ಚೂರುಗಳನ್ನು ಚಿಕ್ಕ ಮಕ್ಕಳು ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕಿಕೊಳ್ಳುವ ಭಯ ಇರುವುದರಿಂದ ಆಟ ಮುಗಿದ ಮೇಲೆ ಅಂಗಳವನ್ನೆಲ್ಲ ಬಗ್ಗಿ ಆರಿಸಬೇಕು.

ಸ್ಪಂಜಿನ ರಿಲೇ ಅಗ್ಗ, ಸರಳ. ಒಂದು ಬಕೆಟಿನಲ್ಲಿ ಅದ್ದಿ ಇನ್ನೊಂದರಲ್ಲಿ ಹಿಂಡುವುದನ್ನು ಆಡುತ್ತಾ ಕಲಿಯುವ ನಲಿಕಲಿ ತರಗತಿಗಳ ಪುಟ್ಟ ಮಕ್ಕಳೂ ಕೂಡಲೇ ಕಲಿಯುತ್ತಾರೆ. ನಮ್ಮ ಕಪ್ಪು ಮಣ್ಣಿನ ಮೇಲೆ ಒಮ್ಮೆ ಬಿದ್ದ ಸ್ಪಂಜು ಮಾತ್ರ ಮತ್ತೆ ಶುದ್ಧವಾಗುವುದಿಲ್ಲ. ಅದಕ್ಕಿಂತ ಮುಖ್ಯವಾದ ಕೊರತೆ ಎಂದರೆ ಒಬ್ಬರು ಓಡುವಾಗ ಉಳಿದವರು ಸುಮ್ಮನೆ ನಿಂತಿರುತ್ತಾರೆ, ಸೋತಾಗ ಯಾರಿಂದ ಸೋತೆವು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ, ಮತ್ತು ಆ ಮಗು ಮಧ್ಯಾಹ್ನದ ಬಿಸಿಯೂಟದವರೆಗೂ ಮಾತು ಕೇಳಬೇಕಾಗುತ್ತದೆ.

ಇನ್ನು ತೂತು ಕೊಳವೆ. ಮುಚ್ಚಳವನ್ನು ಪೈಪಿನ ಅಂಟಿನಿಂದ ಕೂರಿಸಿ, ಕೊಳವೆಯ ಸುತ್ತಲೂ ಮೇಲಿನಿಂದ ಕೆಳಗಿನವರೆಗೆ ಮಗುವಿನ ಬೆರಳು ಮುಚ್ಚುವಷ್ಟು ಸಣ್ಣ ತೂತುಗಳನ್ನು ಕೊರೆಯಬೇಕು. ಕಾದ ಮೊಳೆಯಿಂದ ಚುಚ್ಚಬಾರದು, ಸುಟ್ಟ ಪಿವಿಸಿಯ ಹೊಗೆ ಕೆಟ್ಟದ್ದು; ಬಡಗಿಯ ಡ್ರಿಲ್ ಸಾಕು, ಆಮೇಲೆ ಅಂಚುಗಳನ್ನು ಮರಳು ಕಾಗದದಿಂದ ಉಜ್ಜಬೇಕು. ಒಳಗೆ ಒಂದು ಟೇಬಲ್ ಟೆನಿಸ್ ಚೆಂಡು ಹಾಕಿ, ಕೊಳವೆಯನ್ನು ಅಗಲವಾದ ಟಬ್ಬಿನಲ್ಲಿ ನಿಲ್ಲಿಸಿದರೆ ಆಟ ಸಿದ್ಧ. ಕೆಲವರು ಬೆರಳಿನಿಂದ ತೂತು ಮುಚ್ಚುತ್ತಾರೆ, ಕೆಲವರು ಲೋಟಗಳಲ್ಲಿ ನೀರು ತಂದು ಸುರಿಯುತ್ತಾರೆ. ಚೆಂಡು ತೇಲಿ ಬಾಯಿಗೆ ಬಂದರೆ ಗೆಲುವು. ಕೊಳವೆ ತುಂಬಲು ಎಂಟೊಂಬತ್ತು ಲೀಟರ್ ಬೇಕು, ಸೋರಿದ್ದರಲ್ಲಿ ಬಹುಪಾಲು ಟಬ್ಬಿನಲ್ಲೇ ಉಳಿಯುವುದರಿಂದ ಅದನ್ನೇ ಮತ್ತೆ ಸುರಿಯಬಹುದು. ಮಾರ್ಚ್ ತಿಂಗಳಲ್ಲಿ ಊರಿನ ಹೆಂಗಸರು ಕೊಡ ಹಿಡಿದು ನಿಂತಿರುವಾಗ ಶಾಲೆಯೊಳಗೆ ನೀರು ಚೆಲ್ಲಿ ಆಡಿಸುವುದು ನನ್ನಿಂದಾಗದು.

ನೀರಿನ ಆಳ ಹೆಚ್ಚಿದಂತೆ ಒತ್ತಡವೂ ಹೆಚ್ಚುವುದರಿಂದ ಕೆಳಗಿನ ತೂತುಗಳಿಂದ ನೀರು ರಭಸವಾಗಿ ಚಿಮ್ಮುತ್ತದೆ. ಮಕ್ಕಳು ಮೊದಲು ಕುಳ್ಳಗಿರುವ ಪುಟ್ಟವರನ್ನು ಅಲ್ಲಿ ಕೂರಿಸುತ್ತಾರೆ, ಅವರ ಮೆತ್ತನೆಯ ಬೆರಳುಗಳು ಸೋಲುತ್ತವೆ, ಚೆಂಡು ಗೇಣುದ್ದ ಇಳಿಯುತ್ತದೆ. ಗದ್ದಲವಾಗುತ್ತದೆ. ನಾನು ಆಗ ಬಾಯಿ ಹಾಕುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ಐದನೆಯ ತರಗತಿಯ ಗಟ್ಟಿಗರು ಕೆಳಗೆ ಬೋರಲಾಗಿ ಮಲಗುತ್ತಾರೆ, ಪುಟ್ಟವರು ಲೋಟ ಹಿಡಿಯುತ್ತಾರೆ, ಚೆಂಡು ಮತ್ತೆ ಏರತೊಡಗುತ್ತದೆ. ಇಲ್ಲಿ ನಷ್ಟ ಕಣ್ಣಿಗೆ ಕಾಣುತ್ತದೆ, ಆದರೆ ಪೂರ್ತಿ ಆಗುವುದಿಲ್ಲ. ಯಾರ ಬೆರಳು ಜಾರಿತು ಎಂದು ಹುಡುಕುವುದಕ್ಕಿಂತ ಇನ್ನೆರಡು ಲೋಟ ಸುರಿಯುವುದೇ ಸುಲಭ.

ಕೊರತೆ ಇದಕ್ಕೂ ಇದೆ. ಒಂದು ಕೊಳವೆಗೆ ಹತ್ತು ಹನ್ನೆರಡು ಮಕ್ಕಳು ಸಾಕು, ತರಗತಿ ದೊಡ್ಡದಾದರೆ ಎರಡು ಬೇಕೇ ಬೇಕು. ಶಹಾಬಾದ್ ಫರಸಿ ಹಾಸಿದ ಅಂಗಳ ಒದ್ದೆಯಾದರೆ ಕಾಲು ಜಾರುತ್ತದೆ, ಕಪ್ಪು ಮಣ್ಣು ಕಾಲಿಗೆ ಮೆತ್ತುತ್ತದೆ. ಮುರುಮು, ಅಂದರೆ ಗರಸು ಮಣ್ಣು, ಹಾಕಿದ ಜಾಗವೇ ಲೇಸು. ಮೋಟಾರಿನ ಸ್ವಿಚ್ ಬೋರ್ಡು ದೂರವಿರಲಿ. ಮಾಳಿಗೆಯ ಟಾಕಿಯ ನೀರು ಬೆಳಿಗ್ಗೆ ಹತ್ತಕ್ಕೇ ಕಾದಿರುತ್ತದೆಯಾದ್ದರಿಂದ ಹಿಂದಿನ ಸಂಜೆಯೇ ಬಕೆಟುಗಳಲ್ಲಿ ಹಿಡಿದು ಮುಚ್ಚಿಡುತ್ತೇನೆ, ಶನಿವಾರದ ಬೆಳಗಿನ ಶಾಲೆಯಲ್ಲಿ ಬಿಸಿಲೇರುವ ಮುನ್ನ ಆಟ ಮುಗಿಸುತ್ತೇನೆ.

ಎತ್ತರದ ಟಾಕಿ, ಧಾರಾಳ ನೀರು, ವರ್ಷಕ್ಕೊಂದು ದಿನದ ಮೋಜು ಇಷ್ಟಿದ್ದರೆ ಫುಗ್ಗೆಗಳನ್ನು ತರಿಸಬಹುದು. ಒಂದು ಎರಡನೆಯ ತರಗತಿಯವರಷ್ಟೇ ಇದ್ದರೆ ಸ್ಪಂಜು ಸಾಕು. ನಾನು ಕೈಯಿಂದ ಹಣ ಹಾಕುವವನು, ಕೆಟ್ಟರೆ ಊರಲ್ಲೇ ದುರಸ್ತಿಯಾಗುವ ಸಾಮಾನನ್ನೇ ಕೊಳ್ಳುವವನು. ಈ ವರ್ಷ ಪೈಪಿನ ಅಂಗಡಿಯವರು ಉಳಿದ ತುಂಡೊಂದನ್ನು ಅರ್ಧ ಬೆಲೆಗೆ ಕೊಡುತ್ತೇನೆ ಎಂದಿದ್ದಾರೆ, ಎರಡನೆಯ ಕೊಳವೆ ಅದರಿಂದಲೇ ಆಗಲಿದೆ. ಬಿಸಿಲಿನಲ್ಲಿ ಬಿಟ್ಟರೆ ಪಿವಿಸಿ ಪೆಡಸಾಗಿ ಬಿರುಕು ಬಿಡುತ್ತದೆ, ಆದ್ದರಿಂದ ಆಟ ಮುಗಿದೊಡನೆ ಒರೆಸಿ ಒಳಗಿಡಿ.