ಪದ್ಮಿನಿಗೆ ಟೈಮಿಂಗ್ ಕೂರಿಸೋದು: ಕಿವಿ, ಟೈಮಿಂಗ್ ಲೈಟ್, ಇಲ್ಲಾ ಒಂದು ಬಲ್ಬು

ಪ್ಲಗ್ಗಿಗೆ ಯಾವ ಕ್ಷಣದಲ್ಲಿ ಕಿಡಿ ಬೀಳಬೇಕು ಅಂತ ಹೊಂದಿಸೋದೇ ಟೈಮಿಂಗ್ ಕೂರಿಸೋದು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಲ್ಬಿಗೆ. ಪಾರ್ಕಿಂಗ್ ಲೈಟಿನ ಸಣ್ಣ 12 ವೋಲ್ಟ್ ಬಲ್ಬು, ಒಂದು ಹೋಲ್ಡರ್, ಎರಡು ವೈರು, ತುದಿಗೆ ಕ್ಲಿಪ್ಪು. ಎಲ್ಲಾ ಸೇರಿ 60 ರೂಪಾಯಿ. ಅದಕ್ಕೂ ಮೊದಲು 1,800 ಕೊಟ್ಟು ಟೈಮಿಂಗ್ ಲೈಟ್ ತಂದಿದ್ದೆ. ಅದೇನೂ ಕೆಟ್ಟ ಸಾಮಾನಲ್ಲ, ಆದರೆ ಮನೆ ಮುಂದೆ ಒಬ್ಬನೇ ಕೆಲಸ ಮಾಡುವ ನನಗೆ ಒಗ್ಗಲಿಲ್ಲ.

ಕಾರು ಅಪ್ಪನದು, 1986ರ ಪ್ರೀಮಿಯರ್ ಪದ್ಮಿನಿ. ಹೊಸ ಸಿಬಿ ಪಾಯಿಂಟ್ (ತೆರೆದ ಕ್ಷಣ ಕಿಡಿ ಹುಟ್ಟಿಸುವ ಸ್ವಿಚ್ಚು) ಹಾಕಿಸಿದಾಗ ಗ್ಯಾರೇಜಿನಲ್ಲಿ ಕಿವಿಯಲ್ಲೇ ಟೈಮಿಂಗ್ ಕೂರಿಸಿದರು. ಇಂಜಿನ್ ಓಡುತ್ತಿರುವಾಗ ಡಿಸ್ಟ್ರಿಬ್ಯೂಟರ್ (ಪಾಯಿಂಟ್ ಒಳಗಿರುವ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಬ್ಬಿ) ತಿರುಗಿಸಿ, ಎಲ್ಲಿ ಚುರುಕಾಗಿ ಓಡುತ್ತದೋ ಅಲ್ಲಿ ಬಿಗಿ ಮಾಡೋದು. ಹತ್ತೇ ನಿಮಿಷ. ಐಡ್ಲಿಂಗ್ ಚೆನ್ನಾಗೇ ಇತ್ತು. ಚಾಮುಂಡಿ ಬೆಟ್ಟ ಹತ್ತುವಾಗ ಬಣ್ಣ ಬಯಲಾಯಿತು. ಅಪ್ಪ ಅಮ್ಮ ಹಿಂದೆ ಕೂತಿದ್ದರು, ಮೂರನೇ ಗೇರಿನಲ್ಲಿ ಎಕ್ಸಲರೇಟರ್ ಒತ್ತಿದರೆ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ನಾಕಿಂಗ್. ನಿಂತಲ್ಲೇ ಓಡುವ ಇಂಜಿನ್ನಿಗೆ ಲೋಡ್ ಇರುವುದಿಲ್ಲ, ಬೇಕಾದ್ದಕ್ಕಿಂತ ಬೇಗ ಕಿಡಿ ಕೊಟ್ಟರೂ ಅದು ಚುರುಕಾಗೇ ಓಡುತ್ತದೆ. ಲೋಡ್ ಬಿದ್ದಾಗ ಅದೇ ಕಿಡಿ ಅತಿ ಬೇಗವಾಗಿಬಿಡುತ್ತದೆ. ಹಾಗಾಗಿ ಬರೀ ಕಿವಿ ಸಾಲದು. ದಾರಿಯಲ್ಲಿ ಕೈಕೊಟ್ಟರೆ ಮನೆ ಸೇರೋಕೆ ಸಾಕು, ಅಷ್ಟೇ.

ಆಮೇಲೆ ತಂದದ್ದೇ ಟೈಮಿಂಗ್ ಲೈಟ್. ಒಂದನೇ ಪ್ಲಗ್ಗಿನ ವೈರಿಗೆ ಕ್ಲಿಪ್ ಹಾಕಿದರೆ ಪ್ರತಿ ಕಿಡಿಗೂ ಒಂದು ಮಿಂಚು, ಪುಲಿಯ (ಇಂಜಿನ್ನಿನ ಮುಖ್ಯ ಶಾಫ್ಟ್ ಆದ ಕ್ರ್ಯಾಂಕಿನ ತುದಿಯ ಚಕ್ರದ) ಗುರುತು ನಿಂತ ಹಾಗೆ ಕಾಣುತ್ತದೆ. ಬಿಸಿಲಲ್ಲಿ ಕಾಣಲ್ಲ, ಸಂಜೆಯೇ ಆಗಬೇಕು. ಗುರುತಿಗೆ ಬಿಳಿ ಬಣ್ಣ ಹಚ್ಚಿಕೊಳ್ಳಿ. ಡಿಸ್ಟ್ರಿಬ್ಯೂಟರಿಗೆ ವ್ಯಾಕ್ಯೂಮ್ ಪೈಪ್ ಇರುವ ಕಾರಾದರೆ ಅದನ್ನು ಕಳಚಿ ಬಾಯಿ ಮುಚ್ಚಬೇಕು. ಇದೆಲ್ಲಾ ಸಣ್ಣ ವಿಷಯ.

ನನ್ನ ತಲೆ ತಿಂದದ್ದು ಡಿಸ್ಟ್ರಿಬ್ಯೂಟರಿನ ಕ್ಲಾಂಪ್ ನಟ್. ಲೈಟ್ ಹಿಡಿದು ಗುರುತು ಸರಿಯಾಗಿ ಕೂರಿಸುತ್ತೇನೆ, ಸ್ಪ್ಯಾನರ್ ಹಾಕಿ ನಟ್ ಬಿಗಿ ಮಾಡುತ್ತೇನೆ, ಬಿಗಿಯಾಗುವಾಗ ಡಿಸ್ಟ್ರಿಬ್ಯೂಟರ್ ಕೂದಲೆಳೆಯಷ್ಟು ಜರುಗುತ್ತದೆ. ಕೂದಲೆಳೆ ತಾನೇ ಅನ್ನಬೇಡಿ. ಕ್ರ್ಯಾಂಕ್ ಎರಡು ಸುತ್ತು ಬಂದರೆ ಡಿಸ್ಟ್ರಿಬ್ಯೂಟರ್ ಶಾಫ್ಟ್ ಬರೋದು ಒಂದು ಸುತ್ತು, ಅಂದರೆ ಇಲ್ಲಿ 1 ಡಿಗ್ರಿ ಜರುಗಿದರೆ ಪುಲಿಯಲ್ಲಿ 2 ಡಿಗ್ರಿ ತಪ್ಪುತ್ತದೆ.

ಮತ್ತೆ ಸಡಿಲ ಮಾಡು, ಮತ್ತೆ ಹೊಂದಿಸು. ಒಂದು ಕೈಯಲ್ಲಿ ಲೈಟು, ಒಂದು ಕೈಯಲ್ಲಿ ಸ್ಪ್ಯಾನರ್, ಡಿಸ್ಟ್ರಿಬ್ಯೂಟರ್ ಒತ್ತಿ ಹಿಡಿಯೋಕೆ ಮೂರನೇ ಕೈ ಎಲ್ಲಿಂದ ತರೋದು? ಪಕ್ಕದಲ್ಲೇ ಫ್ಯಾನ್ ತಿರುಗುತ್ತಿರುತ್ತದೆ, ಆ ಮಿಂಚಿನಲ್ಲಿ ಅದೂ ನಿಂತ ಹಾಗೆ ಕಾಣಬಹುದು, ಕೈ ಹೋದರೆ ಹೋಯಿತು. ಮೂರು ಸಂಜೆ ಹೀಗೇ ಕಳೆಯಿತು. ಮೂರನೇ ದಿನ ಅಪ್ಪ ಬಂದು ಲೈಟ್ ಹಿಡಿದ ಮೇಲೆಯೇ ಮುಗಿದದ್ದು.

ಬಲ್ಬಿನಲ್ಲಿ ಈ ಗೋಳಿಲ್ಲ, ಯಾಕೆಂದರೆ ಇಂಜಿನ್ ಆಫ್ ಇರುತ್ತದೆ. ಮೊದಲು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ಪಾಯಿಂಟ್ ಗ್ಯಾಪ್ ನೋಡಿಕೊಳ್ಳಿ, ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಪ್ಲಗ್ ಬಿಚ್ಚಿ, ಕಿಡಿಯ ವೋಲ್ಟೇಜ್ ಹುಟ್ಟಿಸುವ ಕಾಯಿಲ್‌ನ ದಪ್ಪ ವೈರನ್ನು ಡಿಸ್ಟ್ರಿಬ್ಯೂಟರ್ ಕ್ಯಾಪಿನಿಂದ ಕಿತ್ತು ಬಾಡಿಗೆ ಅರ್ಥ್ ಮಾಡಿ. ನ್ಯೂಟ್ರಲ್‌ನಲ್ಲಿ ಬೆಲ್ಟ್ ಒತ್ತಿ ಹಿಡಿದು ಫ್ಯಾನ್ ತಿರುಗಿಸಿದರೆ ಇಂಜಿನ್ ತಿರುಗುತ್ತದೆ. ಒಂದನೇ ಸಿಲಿಂಡರಿನ ಕಂಪ್ರೆಶನ್‌ನಲ್ಲಿ ಗುರುತನ್ನು ಬುಕ್ಕಿನಲ್ಲಿರುವ ಡಿಗ್ರಿಗೆ ತನ್ನಿ. ದಾಟಿ ಹೋದರೆ ಚೂರು ಹಿಂದಕ್ಕೆ ತಿರುಗಿಸಿ ಸುಮ್ನೆ ಬಿಡಬೇಡಿ, ಚೈನಿನಲ್ಲಿ ಸಡಿಲ ಇರುತ್ತದೆ. ಗುರುತಿಗಿಂತ ಸಾಕಷ್ಟು ಹಿಂದೆ ಹೋಗಿ ಮತ್ತೆ ಮುಂದಕ್ಕೆ ಬನ್ನಿ.

ಈಗ ಬಲ್ಬಿನ ಒಂದು ವೈರು ಕಾಯಿಲ್‌ನಲ್ಲಿ ಡಿಸ್ಟ್ರಿಬ್ಯೂಟರಿಗೆ ಹೋಗುವ ಕಡೆಗೆ, ಇನ್ನೊಂದು ಬಾಡಿಗೆ. ಇಗ್ನಿಶನ್ ಆನ್. ಡಿಸ್ಟ್ರಿಬ್ಯೂಟರನ್ನು ರೋಟರ್ (ಅದರೊಳಗೆ ಸುತ್ತುವ ಕೈ) ತಿರುಗುವ ಕಡೆಗೆ ತಿರುಗಿಸಿದರೆ ಬಲ್ಬು ಆರುತ್ತದೆ, ಆಮೇಲೆ ನಿಧಾನ ಎದುರು ದಿಕ್ಕಿಗೆ ತನ್ನಿ. ಹತ್ತಿದ ಕ್ಷಣವೇ ಪಾಯಿಂಟ್ ತೆರೆದ ಕ್ಷಣ. ಅಲ್ಲೇ ಬಿಗಿ ಮಾಡಿ. ನಟ್ ಬಿಗಿಯಾಗುವಾಗ ಜರುಗಿತಾ? ಇಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಂದು ಬಲ್ಬು ಎಲ್ಲಿ ಹತ್ತುತ್ತದೆ ನೋಡಿದರೆ ತಿಳಿಯುತ್ತದೆ. ನನಗೆ ಎರಡನೇ ಸಲಕ್ಕೇ ಸರಿಯಾಯಿತು. ಇಗ್ನಿಶನ್ ಸುಮ್ನೆ ಆನ್ ಬಿಡಬೇಡಿ, ಕಾಯಿಲ್ ಬಿಸಿಯಾಗುತ್ತದೆ.

ಲೈಟಿಗೆ ಒಂದು ಮಾತು ಸಲ್ಲಬೇಕು. ರೇಸ್ ಮಾಡಿದಾಗ ಡಿಸ್ಟ್ರಿಬ್ಯೂಟರಿನೊಳಗಿನ ತೂಕಗಳು ಕಿಡಿಯನ್ನು ಮುಂದಕ್ಕೆ ತರುತ್ತಿವೆಯಾ ಅಂತ ಈ ಮೂರರಲ್ಲಿ ತೋರಿಸೋದು ಅದೊಂದೇ. ಗುರುತು ನಿಲ್ಲದೆ ಕುಣಿದರೆ ಶಾಫ್ಟಿನ ಬುಶ್ ಸವೆದಿರಬಹುದು, ಬಲ್ಬಿಗೆ ಅದು ಗೊತ್ತಾಗಲ್ಲ. ಗ್ಯಾರೇಜ್ ನಡೆಸುವವರು, ಇಲ್ಲಾ ಜೊತೆಗೆ ಕೈಯಾಳು ಇರುವವರು ಲೈಟೇ ತಗೊಳ್ಳಿ.

ನನ್ನದು ತಿಂಗಳಿಗೆ 200 ಕಿಲೋಮೀಟರ್ ಓಡುವ ಕಾರು, ಭಾನುವಾರ ಬೆಳಗಿನ ಕೆಲಸ. ಲೈಟನ್ನು ಹಳೇ ಮಾರುತಿ 800 ಇಟ್ಟಿರುವ ಗೆಳೆಯನಿಗೆ ಕೊಟ್ಟಿದ್ದೇನೆ, ವರ್ಷಕ್ಕೊಮ್ಮೆ ಅವನನ್ನೇ ಲೈಟಿನ ಜೊತೆ ಕರೆಸುತ್ತೇನೆ. ಬಲ್ಬು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲೇ ಇದೆ. ಕಳೆದ ವಾರ ಅದೇ ಬೆಟ್ಟ ಹತ್ತಿದೆವು, ಮೂರನೇ ಗೇರಿನಲ್ಲೇ, ನಾಕಿಂಗ್ ಇಲ್ಲ.