ಲೂಪಸ್ ಇರೋರು 'ಇಮ್ಯುನಿಟಿ ಪುಡಿ' ಕುಡಿಯೋ ಮುಂಚೆ ಒಂದು ಸಲ ಇದನ್ನ ಓದಿ

ಎರಡು ಸಲ ಬರೆದು ಅಳಿಸಿದೆ. ನಾಚಿಕೆ. ನಾನು ಹಾಸನದಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಪಾಠ ಮಾಡೋಳು. ಬಿಳಿ ರಕ್ತಕಣ ಹೇಗೆ ಕೆಲಸ ಮಾಡುತ್ತೆ ಅಂತ ಪ್ರತಿ ವರ್ಷ ಬೋರ್ಡ್ ಮೇಲೆ ಚಿತ್ರ ಬರೆಯೋಳು. ಅಂಥವಳೇ 18,500 ರೂಪಾಯಿ ಕೊಟ್ಟು, ಬಿಲ್ಲು ಕೂಡ ಕೇಳದೆ, ಮೋಸ ಹೋದೆ. ದುಡ್ಡು ಹೋಗಿದ್ದಕ್ಕೆ ಅಷ್ಟು ಬೇಜಾರಿಲ್ಲ. ಕಿಡ್ನಿವರೆಗೂ ಬಂತಲ್ಲ, ಅದಕ್ಕೆ.

ನನಗೆ ಲೂಪಸ್ ಅಂತ, ಅಂದ್ರೆ ದೇಹ ಕಾಯಬೇಕಾದ ಇಮ್ಯುನಿಟಿಯೇ ದೇಹದ ಮೇಲೆ ತಿರುಗಿ ಬೀಳೋ ಕಾಯಿಲೆ ಅಂತ ಗೊತ್ತಾಗಿ ಆಗ ಎರಡೂವರೆ ವರ್ಷ ಆಗಿತ್ತು. ಬೆಂಗಳೂರಿನ ಡಾಕ್ಟರ ಹತ್ತಿರ ತೋರಿಸುತ್ತಿದ್ದೆ. ಲೂಪಸ್ ಹತೋಟಿಯಲ್ಲಿಡೋಕೆ ದಿನಕ್ಕೆ 200 ಎಂಜಿ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ, 5 ಎಂಜಿ ಸ್ಟೀರಾಯ್ಡ್. ಬೆಳಿಗ್ಗೆ ಎದ್ದಾಗ ಬೆರಳು ಬಿಗಿ, ಸಂಜೆ ಹೊತ್ತಿಗೆ ಸುಸ್ತು, ಇಷ್ಟು ಬಿಟ್ಟರೆ ಶಾಲೆಗೆ ಹೋಗಿ ಬಂದು ಮುದ್ದೆ ತಿರುವಿ ಊಟ ಮಾಡಿ ಮಲಗುತ್ತಿದ್ದೆ. ನೆಮ್ಮದಿಯಾಗೇ ಇದ್ದೆ ಅಂತ ಈಗ ಅನಿಸುತ್ತೆ. ಆಗ ಅನಿಸಿರಲಿಲ್ಲ. ಜೀವನಪೂರ್ತಿ ಮಾತ್ರೆ ಅನ್ನೋ ಮಾತು ಒಳಗೊಳಗೇ ಕೊರೆಯುತ್ತಿತ್ತು. ಸ್ಟೀರಾಯ್ಡಿಗೆ ಮುಖ ಬೇರೆ ಊದಿತ್ತು.

ಹಾಸನಾಂಬೆ ಬಾಗಿಲು ತೆಗೆದ ವಾರ. ನಮ್ಮ ಬೀದಿಯ ಅಕ್ಕ ಒಬ್ಬರು ಬಂದು, ಕಲ್ಯಾಣ ಮಂಟಪದಲ್ಲಿ ಆರೋಗ್ಯ ಶಿಬಿರ ಇದೆ, ಆಹಾರದಲ್ಲೇ ಎಲ್ಲ ವಾಸಿ ಮಾಡ್ತಾರಂತೆ ಬಾ ಅಂದರು. ಹೋದೆ. ಶಿಬಿರ ಹೇಗಿರುತ್ತೆ ಅಂತ ನಿಮಗೆಲ್ಲ ಗೊತ್ತು. ಪ್ಲಾಸ್ಟಿಕ್ ಕುರ್ಚಿ, ಒಂದು ಲೋಟ ಹಸಿರು ನೀರು, ಮೈಕಲ್ಲಿ ಯಾರೋ ಅಳ್ತಾ 'ನಂಗೆ ವಾಸಿಯಾಯ್ತು' ಅನ್ನೋದು. ಕೊನೆಯಲ್ಲಿ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆಯೋದು.

ನನ್ನನ್ನ ಕರೆದ ಹೆಂಗಸು ಕೈ ಹಿಡಿದುಕೊಂಡರು. 'ಸಿಸ್ಟರ್, ನಿಮ್ಮ ಇಮ್ಯುನಿಟಿ ಪೂರ್ತಿ ಬಿದ್ದುಹೋಗಿದೆ. ಅದನ್ನ ಎತ್ತಿದ್ರೆ ಸಾಕು, ಲೂಪಸ್ ತಾನಾಗೇ ಓಡಿಹೋಗುತ್ತೆ.'

ಇಲ್ಲೇ ನಾನು ಎದ್ದು ಬರಬೇಕಿತ್ತು. ಇಲ್ಲೇ! ಇಮ್ಯುನಿಟಿ ಬಿದ್ದು ಬರೋ ಕಾಯಿಲೆ ಅಲ್ಲ ಇದು. ಕಾವಲಿಗಿಟ್ಟ ನಾಯಿ ಮನೆಯವರನ್ನೇ ಕಚ್ಚೋ ಕಾಯಿಲೆ. ನಾವು ನುಂಗೋ ಮಾತ್ರೆಗಳೆಲ್ಲ ಆ ನಾಯಿಯನ್ನ ಸ್ವಲ್ಪ ಸುಮ್ಮನಿರಿಸೋಕೆ. ಅದಕ್ಕೆ ಬಾಡೂಟ ಹಾಕಿ ಇನ್ನೂ ಗಟ್ಟಿ ಮಾಡ್ತೀನಿ ಅಂತ ಅವರು ಹೇಳಿದರು, ನಾನು ತಲೆ ಆಡಿಸಿ ಫೋನ್‌ಪೇ ಮಾಡಿದೆ. ಅವರ ಸ್ವಂತ ನಂಬರಿಗೆ. ಗೊತ್ತಿದ್ದೂ ಯಾಕೆ ಮಾಡಿದೆ ಅಂದ್ರೆ ಉತ್ತರ ಇಲ್ಲ. ಕೈ ಹಿಡಿದುಕೊಂಡಿದ್ದರು, ಅಷ್ಟೇ. ಎರಡೂವರೆ ವರ್ಷದಲ್ಲಿ ಈ ಕಾಯಿಲೆ ಬಗ್ಗೆ ಕೈ ಹಿಡಿದು ಮಾತಾಡಿದೋರು ಅವರೇ ಮೊದಲು.

90 ದಿನದ ಪ್ಯಾಕೇಜು. ಮೂರು ಡಬ್ಬ ಹಸಿರು ಪುಡಿ, ಒಂದು ಡಯಟ್ ಚಾರ್ಟು. ಚಾರ್ಟಲ್ಲಿ ಮುದ್ದೆ ಬೇಡ, ಹಾಲು ಮೊಸರು ಬೇಡ, ಟೊಮ್ಯಾಟೊ ಬದನೆಕಾಯಿ ಬೇಡ, ಅವರೆಕಾಳು ಬೇಡ. ಗುಲಾಬಿ ಬಣ್ಣದ ಉಪ್ಪು ಮಾತ್ರ ಎಷ್ಟು ಬೇಕಾದರೂ ಹಾಕಿಕೊಳ್ಳಬಹುದಂತೆ, ಅದು 'ನ್ಯಾಚುರಲ್'. ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಮುಖಕ್ಕೆ ಏನೂ ಹಚ್ಚದೆ ಬಿಸಿಲಲ್ಲಿ ಕೂರಬೇಕು. ಬಿಸಿಲು ಬಿದ್ದರೆ ಲೂಪಸ್ ಕೆರಳುತ್ತೆ, ಅದು ಏನು ಅಂತ ಲೂಪಸ್ ಇರೋರಿಗೇ ಗೊತ್ತು. ಆದರೂ ಮಹಾರಾಜ ಪಾರ್ಕಿನ ಕಲ್ಲುಬೆಂಚಿನ ಮೇಲೆ ದಿನಾ ಹೋಗಿ ಕೂತೆ, ಕೊಡೆ ಮಡಿಸಿಟ್ಟುಕೊಂಡು.

ಮೊದಲು ನಿಲ್ಲಿಸಿದ್ದು ಹೈಡ್ರಾಕ್ಸಿಕ್ಲೋರೋಕ್ವಿನ್. 'ಅದು ಕಣ್ಣು ತೆಗೆಯುತ್ತೆ ಸಿಸ್ಟರ್' ಅಂದರು. ನಿಲ್ಲಿಸಿದೆ. ಮೂರು ವಾರ ಚೆನ್ನಾಗೇ ಇದ್ದೆ. ಚೆನ್ನಾಗೇ! 23ನೇ ದಿನ ಅವರು ಕೇಳಿದರು ಅಂತ ಫೋನಲ್ಲಿ ವಿಡಿಯೋ ಮಾಡಿ ಕಳಿಸಿದೆ. 'ಮಾತ್ರೆ ಬಿಟ್ಟೆ, ಆರಾಮಾಗಿದೀನಿ' ಅಂತ. ನಗ್ತಾ ಬೇರೆ.

ಆಮೇಲೆ ಡಾಕ್ಟರು ಹೇಳಿದ ಮೇಲೆ ಗೊತ್ತಾಗಿದ್ದು. ಆ ಮಾತ್ರೆ ಬಿಟ್ಟ ಮೇಲೂ ಮೈಯಿಂದ ಪೂರ್ತಿ ಹೋಗೋಕೆ ತಿಂಗಳುಗಟ್ಟಲೆ ಬೇಕು. ನಾನು ಆರಾಮಾಗಿದ್ದಿದ್ದು ಹಳೇ ಮಾತ್ರೆ ದಯೆಯಿಂದ. ಹೊಗಳಿದ್ದು ಪುಡೀನ. ಕಣ್ಣಿನ ವಿಷಯ ಸುಳ್ಳಲ್ಲ, ಬಹಳ ವರ್ಷ ತಗೊಂಡರೆ ಕೆಲವರಿಗೆ ತೊಂದರೆ ಆಗುತ್ತೆ. ಅದಕ್ಕೇ ತೂಕ ನೋಡಿ ಡೋಸ್ ಕೊಡ್ತಾರೆ, ಕಣ್ಣು ಪರೀಕ್ಷೆ ಮಾಡಿಸಿ ಅಂತಾರೆ. ಅರ್ಧ ನಿಜ ಹೇಳಿ ಹೆದರಿಸಿದರೆ ಪೂರ್ತಿ ಸುಳ್ಳಿಗಿಂತ ಬೇಗ ನಂಬ್ತೀವಿ.

30ನೇ ದಿನ ಸ್ಟೀರಾಯ್ಡೂ ನಿಲ್ಲಿಸಿ ಅಂದರು. ಒಂದೇ ಸಲಕ್ಕೆ. ನಾಲ್ಕೇ ದಿನಕ್ಕೆ ಬಚ್ಚಲಿಂದ ಎದ್ದರೆ ಕಣ್ಣು ಕತ್ತಲೆ. ವಾರಕ್ಕೆ ಕೀಲುಗಳೆಲ್ಲ ಹಿಡಿದುಕೊಂಡವು. ಮೂಗಿನ ಎರಡೂ ಕಡೆ ಕೆನ್ನೆ ಕೆಂಪಾಯಿತು, ಚಿಟ್ಟೆ ರೆಕ್ಕೆ ಬಿಚ್ಚಿದ ಹಾಗೆ. ಫೋಟೋ ತೆಗೆದು ಕಳಿಸಿದೆ. ಬಂದ ಉತ್ತರ ಹಾಗೇ ಬರೆಯುತ್ತೇನೆ: 'ಸೂಪರ್ ಸಿಸ್ಟರ್!! ಇದು ಹೀಲಿಂಗ್ ಕ್ರೈಸಿಸ್. ಒಳಗಿರೋ ಸ್ಟೀರಾಯ್ಡ್ ವಿಷ ಹೊರಗೆ ಬರ್ತಿದೆ. ಪುಡಿ ಎರಡು ಚಮಚ ಮಾಡಿ.'

ಸೂಪರ್ ಅಂತೆ. ನಾನು ಎರಡು ಚಮಚ ಮಾಡಿದೆ.

ಮೋಸ ಅಂತ ಗೊತ್ತಾಗಿದ್ದು ಮಾವನಿಂದ. ಚನ್ನರಾಯಪಟ್ಟಣದ ಕಡೆ ಊರು, ಮೂರು ಎಚ್‌ಎಫ್ ಹಸು ಇವೆ. ಸೊಗಡು ಅವರೆಕಾಯಿ ಚೀಲ ತಂದು ಅಡುಗೆಮನೆಯಲ್ಲಿ ಇಳಿಸಿದರು. ನಾನು ಪುಡಿ ಕಲಸುತ್ತಿದ್ದೆ. ಲೋಟ ಇಸಕೊಂಡು ಮೂಸಿ ನೋಡಿದರು.

'ಏನವ್ವ ಇದು, ಕುದುರೆ ಮಸಾಲೆ ವಾಸ್ನೆ ಬತ್ತೈತೆ? ನಮ್ಮ ದನಕ್ಕೆ ಹಾಕ್ತೀವಲ್ಲ, ಆ ಮೇವು.'

ಡಬ್ಬ ತಿರುಗಿಸಿ ನೋಡಿದೆ. ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಆಲ್ಫಾಲ್ಫಾ, ಸ್ಪಿರುಲಿನಾ ಅಂತ ಇತ್ತು. ಆಲ್ಫಾಲ್ಫಾ ಅಂದ್ರೆ ಏನು ಅಂತ ಫೋನಲ್ಲಿ ನೋಡಿದೆ. ಲೂಸರ್ನ್ ಹುಲ್ಲು. ಕುದುರೆ ಮಸಾಲೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೆಳಗೆ ಓದುತ್ತಾ ಹೋದರೆ ಕೈ ತಣ್ಣಗಾಯಿತು. ಅದರ ಬೀಜ, ಮೊಳಕೆಯಲ್ಲಿ ಎಲ್-ಕೆನವನಿನ್ ಅನ್ನೋ ಅಂಶ ಇರುತ್ತೆ. ಮಂಗಗಳಿಗೆ ತಿನ್ನಿಸಿ ನೋಡಿದಾಗ ಲೂಪಸ್ ಥರದ್ದೇ ಕಾಯಿಲೆ ಬಂದಿತ್ತು ಅಂತ 1982ರಲ್ಲೇ ಪ್ರಕಟವಾಗಿದೆ. ಲೂಪಸ್ ಇರೋರು ಆಲ್ಫಾಲ್ಫಾ ಮುಟ್ಟಬೇಡಿ ಅಂತ ಡಾಕ್ಟರುಗಳು ಹೇಳೋದೇ ಅದಕ್ಕೆ. ಲೂಪಸ್ ವಾಸಿ ಮಾಡ್ತೀವಿ ಅಂತ ನನಗೆ ಕೊಟ್ಟಿದ್ದು ಅದನ್ನೇ!

ಅದೇ ವಾರ ಇನ್ನೊಂದು ಆಯಿತು. ಸಂಜೆ ಚಪ್ಪಲಿ ಬಿಚ್ಚಿದರೆ ಪಟ್ಟಿಯ ಗುರುತು ಪಾದದ ಮೇಲೆ ಗುಂಡಿ ಬಿದ್ದ ಹಾಗೆ ಉಳಿಯುತ್ತಿತ್ತು. ಮೂತ್ರದಲ್ಲಿ ನೊರೆ. ಒಂದು ಚೊಂಬು ನೀರು ಹಾಕಿದರೂ ಹೋಗದ ನೊರೆ, ಸೋಪಿನ ನೀರಿನ ಥರ. ಲ್ಯಾಬಿಗೆ ಕೊಟ್ಟೆ. ಪ್ರೋಟೀನ್ 3+ ಅಂತ ಬಂತು, ಅಂದ್ರೆ ಮೂತ್ರದಲ್ಲಿ ಪ್ರೋಟೀನ್ ತುಂಬಾ ಸೋರಿ ಹೋಗ್ತಿದೆ ಅಂತ. ಬಿಪಿ 160. ಮಾರನೇ ದಿನ ಬೆಂಗಳೂರಿಗೆ ಓಡಿದೆವು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಕಿಡ್ನಿ ಬಯಾಪ್ಸಿ ಆಯಿತು, ಲೂಪಸ್ ಕಿಡ್ನಿಗೆ ಇಳಿದಿದೆ ಅಂದರು. ಮೂರು ದಿನ ಡ್ರಿಪ್ಪಲ್ಲಿ ಸ್ಟೀರಾಯ್ಡ್. 5 ಎಂಜಿ ಬೇಡ ಅಂತ ಬಿಟ್ಟವಳಿಗೆ ದಿನಕ್ಕೆ 500. ಜೊತೆಗೆ ಇಮ್ಯುನಿಟಿ ತಗ್ಗಿಸೋಕೆ ಮೈಕೋಫೆನೊಲೇಟ್ ಅಂತ ಹೊಸ ಮಾತ್ರೆ. 'ಪುಡಿಯಿಂದಲಾ ಸರ್?' ಅಂತ ಕೇಳಿದೆ. 'ಪುಡಿನೋ, ಬಿಸಿಲೋ, ಮಾತ್ರೆ ಬಿಟ್ಟಿದ್ದೋ, ಬಿಡಿಸಿ ಹೇಳೋಕಾಗಲ್ಲಮ್ಮ. ಮೂರನ್ನೂ ಒಟ್ಟಿಗೇ ಮಾಡಿದೀರಲ್ಲ' ಅಂದರು. ಸ್ಟೀರಾಯ್ಡ್ ಬಹಳ ದಿನ ತಗೊಂಡಾಗ ದೇಹ ತನ್ನದೇ ಸ್ಟೀರಾಯ್ಡ್ ಮಾಡೋದನ್ನ ಕಡಿಮೆ ಮಾಡಿರುತ್ತೆ, ಅದಕ್ಕೇ ಥಟ್ಟನೆ ನಿಲ್ಲಿಸಬಾರದು ಅಂತ ಆಗ ತಿಳಿಸಿ ಹೇಳಿದರು. ಕಣ್ಣು ಕತ್ತಲೆ ಬಂದಿದ್ದು ಅದರಿಂದಲೇ ಇರಬೇಕಂತೆ.

ಆಸ್ಪತ್ರೆ ಮಂಚದ ಮೇಲಿಂದಲೇ ಆ ಹೆಂಗಸಿಗೆ ರಿಪೋರ್ಟ್ ಕಳಿಸಿದೆ. ಸಿಸ್ಟರ್ ಹೋಗಿ ಮೇಡಂ ಆಗಿದ್ದೆ.

'ನೀವು ಡಯಟ್ ಸರಿಯಾಗಿ ಫಾಲೋ ಮಾಡಿಲ್ಲ ಮೇಡಂ. ಕದ್ದು ಉಪ್ಪಿನಕಾಯಿ ತಿಂದಿರ್ತೀರ.'

ತಿಂದಿರಲಿಲ್ಲ. ದೇವರಾಣೆ ತಿಂದಿರಲಿಲ್ಲ. ಆದರೂ ಒಂದು ಕ್ಷಣ, ತಿಂದಿದ್ದೆನಾ ಅಂತ ಯೋಚಿಸಿದೆ ನೋಡಿ, ಅದಕ್ಕೆ ನನ್ನ ಮೇಲೆ ನನಗೇ ಸಿಟ್ಟು.

ಮಾತ್ರೆ ಬಿಡಿ ಅಂದಿದ್ದು ನೀವೇ ಅಲ್ವಾ ಅಂದೆ. 'ನಾವು ಡಾಕ್ಟರ್ ಅಲ್ಲ ಮೇಡಂ, ಸಜೆಸ್ಟ್ ಮಾಡಿದ್ವಿ ಅಷ್ಟೆ. ಡಿಸಿಷನ್ ನಿಮ್ಮದು.' ದುಡ್ಡು ವಾಪಸ್ ಕೊಡಿ ಅಂದೆ. 'ಡಬ್ಬ ಓಪನ್ ಮಾಡಿದ ಮೇಲೆ ರೀಫಂಡ್ ಇಲ್ಲ. ಬೇಕಾದ್ರೆ ಕಿಡ್ನಿ ಡಿಟಾಕ್ಸ್ ಕಿಟ್ 20% ಡಿಸ್ಕೌಂಟಲ್ಲಿ ಕೊಡ್ತೀವಿ.' ಕಿಡ್ನಿ ಡಿಟಾಕ್ಸ್! ಪ್ಯಾಕೇಜ್ ತಗೊಂಡವರ ಗ್ರೂಪಲ್ಲಿ ಎಲ್ಲರಿಗೂ ಕಾಣುವ ಹಾಗೆ ರಿಪೋರ್ಟ್ ಹಾಕಿದೆ. ಎರಡು ನಿಮಿಷಕ್ಕೆ ನನ್ನನ್ನ ಗ್ರೂಪಿಂದ ತೆಗೆದರು. ಕರೆದುಕೊಂಡು ಹೋದ ಅಕ್ಕ ಈಗ ನನ್ನ ಕಂಡರೆ ಆಚೆ ಬದಿಗೆ ದಾಟಿ ಹೋಗುತ್ತಾರೆ.

ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಬಿಲ್ ಇಲ್ಲ, ಫೋನ್‌ಪೇ ಸ್ಕ್ರೀನ್‌ಶಾಟ್ ಅಷ್ಟೇ ಇರೋದು. ಗುಣ ಮಾಡ್ತೀವಿ ಅಂತ ಜಾಹೀರಾತು ಕೊಡೋ ಹಾಗಿಲ್ಲದ ಕಾಯಿಲೆಗಳ ಪಟ್ಟಿ 1954ರ ಕಾನೂನಲ್ಲೇ ಇದೆಯಂತೆ, ಅದರಲ್ಲಿ ಲೂಪಸ್ ಹೆಸರೂ ಇದೆ. ಅವರ ಕರಪತ್ರ ಇಟ್ಟುಕೊಂಡಿದ್ದೇನೆ. ನೀವೂ ಬಿಸಾಕಬೇಡಿ.

ಊಟದ ವಿಷಯ ತುಂಬಾ ಜನ ಕೇಳ್ತಾರೆ. ಲೂಪಸ್ ವಾಸಿ ಮಾಡೋ ಊಟ ಅಂತ ಯಾವುದೂ ಇಲ್ಲ, ಇದೆ ಅಂದೋರ ಹತ್ತಿರ ಮಾತೇ ಬೇಡ. ನನಗೆ ಡಾಕ್ಟರು ಹೇಳಿದ್ದು ಉಪ್ಪು ಕಮ್ಮಿ ಮಾಡು ಅಂತ, ಗುಲಾಬಿ ಆದರೂ ಬಿಳಿ ಆದರೂ ಉಪ್ಪು ಉಪ್ಪೇ. ಹಪ್ಪಳ ಉಪ್ಪಿನಕಾಯಿ ಬಂದ್. ಸ್ಟೀರಾಯ್ಡ್ ಮೂಳೆ ಸವೆಸುತ್ತೆ, ಅದಕ್ಕೆ ಹಾಲು ಮೊಸರು, ಮುದ್ದೆ ಬಿಡಬೇಡ ಅಂದರು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಚಾರ್ಟಲ್ಲಿ ಮೊದಲು ಹೊಡೆದುಹಾಕಿದ್ದೇ ಅದನ್ನ! ಕಿಡ್ನಿ ಲೆಕ್ಕ ಒಬ್ಬೊಬ್ಬರದು ಒಂದೊಂದು ಥರ, ನನ್ನದನ್ನ ನೀವು ನಕಲು ಮಾಡಬೇಡಿ. ಮೂತ್ರದಲ್ಲಿ ನೊರೆ ಕಂಡರೆ ಕಾಯಬೇಡಿ. ನೋವು ಜಾಸ್ತಿ ಆದಾಗ 'ಸೂಪರ್' ಅಂದೋರ ನಂಬರ್ ಬ್ಲಾಕ್ ಮಾಡಿ.

ಈಗ ಪ್ರೋಟೀನ್ 1+ಗೆ ಇಳಿದಿದೆ. ಮುಖ ಮೊದಲಿಗಿಂತ ಊದಿದೆ.

ಒಂದು ಮಾತು ಮಾತ್ರ. ಆ ವಿಡಿಯೋ ಇನ್ನೂ ಓಡಾಡುತ್ತಿದೆ. ಹೋದ ವಾರ ಅರಸೀಕೆರೆಯಿಂದ ಯಾರೋ ಹುಡುಗಿ, ನನ್ನ ಸಹೋದ್ಯೋಗಿಗೆ ಪರಿಚಯ, ಅದನ್ನ ನೋಡಿ ಪ್ಯಾಕೇಜ್ ತಗೋಬೇಕು ಅಂತಿದ್ದಳಂತೆ. ನಿಮ್ಮ ಫೋನಿಗೂ ಬಂದರೆ, ಹಸಿರು ಸೀರೆ, ಹಿಂದೆ ಫ್ರಿಜ್ಜು, ಅದರ ಮೇಲೆ ಬಾಳೆಹಣ್ಣಿನ ಚಿಪ್ಪು ಕಾಣುತ್ತೆ. ಅದು ನಾನೇ. ಅದು 23ನೇ ದಿನದ್ದು.