ಲಾಲ್‌ಬಾಗ್ ವಾಕ್: ಬಂಡೆಗೆ ಫುಲ್ ಮಾರ್ಕ್ಸ್, ರೀಲಿಗೆ ಕಟ್

ಕಳೆದ ಭಾನುವಾರ ನಾನೂ ನನ್ನ ತಂಗಿಯೂ ಲಾಲ್‌ಬಾಗಿನಲ್ಲಿ ಒಂದು ಹೆರಿಟೇಜ್ ವಾಕಿಗೆ ಹೋಗಿದ್ದೆವು. ತಲೆಗೆ 600 ರೂಪಾಯಿ, ಬೆಳಿಗ್ಗೆ 7ಕ್ಕೆ ಶುರು, ಎರಡೂವರೆ ಗಂಟೆ, ಕೊನೆಗೆ ಕಾಫಿ ಅವರದ್ದೇ. ನಡೆಸುವವರ ಹೆಸರು ಬೇಡ, ಪಾಪ, ಹೊಸಬರು. ಗೈಡ್ ಇಪ್ಪತ್ತೈದರ ಆಸುಪಾಸಿನ ಹುಡುಗ, ಒಳ್ಳೆ ಗಂಟಲು, ಒಳ್ಳೆ ಕನ್ನಡ. ತೊಂದರೆ ಏನಂದ್ರೆ ಗೊತ್ತಿರುವುದನ್ನು ಹೇಳುವಾಗಲೂ ಗೊತ್ತಿಲ್ಲದ್ದನ್ನು ಹೇಳುವಾಗಲೂ ಅವನ ದನಿ ಒಂದೇ.

ಮೊದಲು ಬಂಡೆ. ಕೆಂಪೇಗೌಡ ಗೋಪುರದ ಬಂಡೆ ಮೇಲೆ ಕೂತು ನಾನು ಎಷ್ಟು ಸಲ ಕಡ್ಲೆಕಾಯಿ ತಿಂದಿದ್ದೇನೋ ಲೆಕ್ಕ ಇಲ್ಲ. ಈ ಹುಡುಗ ಎಲ್ಲರ ಚಪ್ಪಲಿ ಬಿಡಿಸಿ ಕೂರಿಸಿದ, ಬಾಟಲಿಯಿಂದ ಸ್ವಲ್ಪ ನೀರು ಕಲ್ಲಿನ ಮೇಲೆ ಚೆಲ್ಲಿದ. ಬರೀ ಬೂದಿ ಬಣ್ಣ ಇದ್ದ ಕಡೆ ಕಂಬಳಿ ನೇಯ್ದ ಹಾಗೆ ಕಪ್ಪು-ಬಿಳಿ ಪಟ್ಟೆ ಎದ್ದು ಬಂತು. "ವಯಸ್ಸೆಷ್ಟು ಹೇಳಿ?" ಅಂದ. ಯಾರೋ ಹತ್ತು ಸಾವಿರ ಅಂದರು, ಯಾರೋ ಹತ್ತು ಲಕ್ಷ. ಬೇಕಂತಲೇ ಸುಮ್ಮನಿದ್ದು, ಆಮೇಲೆ, "ಸುಮಾರು 300 ಕೋಟಿ ವರ್ಷ. ಹಿಮಾಲಯ ಇದರ ಮುಂದೆ ಮೊನ್ನೆ ಹುಟ್ಟಿದ ಕೂಸು!" ಬಿಲ್ಡಪ್ಪೇ, ಆದರೆ ಕೈಯಲ್ಲಿ ಸರಕು ಇಟ್ಟುಕೊಂಡು ಕೊಟ್ಟ ಬಿಲ್ಡಪ್ಪು. ಕೊಡಲಿ ಬಿಡಿ.

ಗಾಜಿನ ಮನೆ ಹತ್ತಿರ ಅದು ಸ್ಕೋಪಿಗೆ ತಿರುಗಿತು. ಬಿಲ್ಡಪ್ ವಿಷಯಕ್ಕೆ ಕೊಡುವುದು, ಸ್ಕೋಪ್ ತಾನು ತಗೊಳ್ಳುವುದು, ಅಷ್ಟೇ ವ್ಯತ್ಯಾಸ. ಗುಂಪಿನಲ್ಲಿ ಇಬ್ಬರು ಕಾಲೇಜು ಹುಡುಗಿಯರಿದ್ದರು, ಇವನಿಗೆ ಇದ್ದಕ್ಕಿದ್ದಂತೆ ಪ್ರತಿ ಗಿಡದ ಲ್ಯಾಟಿನ್ ಹೆಸರು ನೆನಪಾಗತೊಡಗಿತು. 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು ಅನ್ನುವುದು ಸರಿ. ಆದರೆ ಅಲ್ಲಿಂದ ಕಬ್ಬಿಣದ ಕಂಬ, ಬೋಲ್ಟು, ನಟ್ಟು ಅಂತ ಇಪ್ಪತ್ತು ನಿಮಿಷ ಕೊರೆದ. ಸುಳ್ಳೇನೂ ಹೇಳಲಿಲ್ಲ, ಬರೀ ಕೊರೆತ. ತಂಗಿ ಬೆಂಚು ಹುಡುಕಿಕೊಂಡು ಹೋದಳು.

ರೀಲು ಶುರುವಾಗಿದ್ದು ಊರಿನ ಹೆಸರಿನಿಂದ. ವೀರಬಲ್ಲಾಳ ರಾಜ ಬೇಟೆಗೆ ಬಂದ, ಅಜ್ಜಿ ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂದಕಾಳೂರು ಅಂತ ಅದೇ ಹಳೇ ಕಥೆ, ಜೊತೆಗೆ ಕಾಳು ಯಾವುದು, ಅಜ್ಜಿ ಏನಂದಳು ಅಂತ ಒಗ್ಗರಣೆ ಬೇರೆ. ಕಥೆ ಅಂತ ಹೇಳಿದ್ದರೆ ತಕರಾರಿಲ್ಲ. ಇವನು "ಇತಿಹಾಸ" ಅಂದ. ಬೇಗೂರಿನ ದೇವಸ್ಥಾನದಲ್ಲಿ ಸುಮಾರು 890ರ ಶಾಸನ ಇದೆ, ಅದರಲ್ಲೇ ಬೆಂಗಳೂರು ಅನ್ನುವ ಹೆಸರಿದೆ, ಆ ರಾಜ ಬಂದಿದ್ದು ಅದಾಗಿ ಸುಮಾರು ಮುನ್ನೂರು ವರ್ಷಕ್ಕೆ. ಬೆಂಗಳೂರಿನ ಗೈಡ್‌ಗೆ ಇದು ಗೊತ್ತಿರಬೇಕಲ್ವಾ?

ಆಮೇಲೆ "ಏಷ್ಯಾದಲ್ಲೇ ಮೊದಲು". ಬೆಂಗಳೂರಿನವರಿಗೆ ಈ ಮಾತು ಉಪ್ಪಿನಕಾಯಿ ಇದ್ದ ಹಾಗೆ, ಎಲ್ಲದರ ಜೊತೆಗೂ ಬೇಕು. 1905ರಲ್ಲಿ ಇಲ್ಲಿ ಬೀದಿಗೆ ಕರೆಂಟ್ ದೀಪ ಬಂತು, ಇಡೀ ಏಷ್ಯಾಕ್ಕೆ ನಾವೇ ಮೊದಲು, ಅಲ್ಲಿಯವರೆಗೂ ಇಡೀ ರಾಜ್ಯದಲ್ಲಿ ಯಾರೂ ಕರೆಂಟೇ ನೋಡಿರಲಿಲ್ಲ ಅಂತ ಬಿಟ್ಟ. ಹಿಂದಿನಿಂದ ಒಬ್ಬ ಹಿರಿಯರು, "ಅಲ್ಲಪ್ಪಾ, ಶಿವನಸಮುದ್ರದ ಕರೆಂಟು ನಮ್ಮ ಕೆಜಿಎಫ್‌ಗೆ 1902ರಲ್ಲೇ ಬಂದಿತ್ತಲ್ಲ?" ಅಂದರು. ಹುಡುಗ ಒಂದು ಕ್ಷಣ ತಡವರಿಸಿ, "ಹೌದು ಸರ್, ನಾನು ಹೇಳಿದ್ದು ಬೀದಿ ದೀಪದ ಬಗ್ಗೆ" ಅಂದ. ತಂಗಿ ಮೆಲ್ಲಗೆ, "ಕಾಗೆ ಹಾರಿಸಿದ, ಅದು ವಾಪಸ್ ಬಂದು ತಲೆ ಮೇಲೇ ಕೂತ್ಕೊಳ್ತು" ಅಂದಳು. ನಗು ತಡೆಯೋಕೆ ಆಗಲಿಲ್ಲ.

ಉಳಿದಂತೆ ವ್ಯವಸ್ಥೆ ಚೆನ್ನಾಗಿದೆ. ಸಮಯಕ್ಕೆ ಸರಿಯಾಗಿ ಶುರು ಮಾಡಿದರು, ವಯಸ್ಸಾದವರಿಗೆ ಕಾದರು. ಮೈಕ್ ಇಲ್ಲ, ಹಿಂದೆ ನಿಂತರೆ ಅರ್ಧ ಕೇಳಿಸಲ್ಲ. ಐದಕ್ಕೆ ಮೂರೂವರೆ ಕೊಡುತ್ತೇನೆ, ಅದರಲ್ಲಿ ಎರಡು ಬಂಡೆಗೇ ಹೋಯಿತು.

ಕಾಫಿ ಹೊತ್ತಿಗೆ ಗೈಡ್ ಸುಮ್ಮನಾಗಿ ಕೆಜಿಎಫ್ ಅಂಕಲ್ ಶುರು ಮಾಡಿದರು. ಅವರೂರಿನ ಗಣಿ ನೆಲದ ಕೆಳಗೆ 3 ಕಿಲೋಮೀಟರಿಗಿಂತ ಜಾಸ್ತಿ ಆಳ ಇತ್ತಂತೆ. ಓಹೋ, ಇವರದ್ದೂ ಬುರುಡೆ ಅಂತ ನಾನೂ ತಂಗಿಯೂ ಮುಖ ಮುಖ ನೋಡಿಕೊಂಡೆವು. ಮನೆಗೆ ಬಂದು ಹುಡುಕಿ ನೋಡಿದರೆ, ನಿಜ.